ನನ್ನ ಹಿಂದಿಯೂ ಅವರ ಅಡ್ಡಹೆಸರೂ

ನನಗೆ ಹಿಂದಿ ಬರುತ್ತದೆ ಎಂಬುದು ನಾನೇ ಹಬ್ಬಿಸಿದ ಸುದ್ದಿ. ಬೈಲಹೊಂಗಲದಲ್ಲಿ ಸುದ್ದಿ ಹಬ್ಬಿಸುವುದಕ್ಕೆ ಹೆಚ್ಚಿನ ಶ್ರಮವೇನೂ ಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಎರಡು ಸಲ ಹೇಳಿದರೆ ಸಾಕು, ಮೂರನೆಯ ಸಲ ಅದನ್ನು ಬೇರೆ ಯಾರೋ ಬಂದು ನಮಗೇ ಹೇಳುತ್ತಾರೆ, ನಾವೂ ನಂಬಿಬಿಡುತ್ತೇವೆ. ಪೂರಾ ಸುಳ್ಳು ಎನ್ನುವಂತೆಯೂ ಇಲ್ಲ. ಹೈಸ್ಕೂಲಿನಲ್ಲಿ ಹಿಂದಿ ಪಾಸಾದದ್ದು ನಿಜ. ನಮ್ಮ ಹಿಂದಿ ಮಾಸ್ತರರು ಆ ಭಾಷೆಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲೇ ಕಲಿಸಿದರು. ಪುಲ್ಲಿಂಗ ಸ್ತ್ರೀಲಿಂಗದ ಪ್ರಶ್ನೆ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂಥ ವಿದ್ಯೆಯನ್ನು ಇಟ್ಟುಕೊಂಡು ನಾನು ಮೂವತ್ತೈದು ವರ್ಷ ಮರ್ಯಾದೆಯಿಂದ ಬದುಕಿದೆ, ಏಕೆಂದರೆ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಓಣಿಯ ಮುಸಲ್ಮಾನ ಗೆಳೆಯರು ಮನೆಯಲ್ಲಿ ಉರ್ದು ಆಡುತ್ತಿದ್ದರೂ ನನ್ನ ಜೊತೆ ಜಗಳ ತೆಗೆಯುವಾಗ ಕನ್ನಡದಲ್ಲೇ ತೆಗೆಯುತ್ತಿದ್ದರು, ಅದರಲ್ಲಿ ನನಗಿಂತ ಅವರದೇ ಕೈ ಮೇಲಿರುತ್ತಿತ್ತು.

ಈಗ ಹಾಗಿಲ್ಲ. ಈಗ ಊರಲ್ಲಿ ಹಿಂದಿಗೆ ಕೆಲಸ ಬಂದಿದೆ. ಪ್ಲೈವುಡ್ಡು, ನಲ್ಲಿ, ಬಾಗಿಲಿನ ಹಿಡಿಕೆ ಬೇಕಾದರೆ ರಾಜಸ್ಥಾನದವರ ಅಂಗಡಿ. ಸಂಜೆ ಗಾಡಿಯ ಮೇಲೆ ನೂಡಲ್ಸ್ ಹಾರಿಸುವವನು ನೇಪಾಳದವನು. ಗೋಡೆಗೆ ಬಣ್ಣ ಉತ್ತರಪ್ರದೇಶದವರದು, ನೆಲಕ್ಕೆ ಟೈಲ್ಸು, ತಲೆಯ ಮೇಲೆ ಪಿಓಪಿ ಅಲಂಕಾರ ಬಿಹಾರದವರದು. ಇವರೆಲ್ಲ ಬಂದು ಊರು ಕೆಟ್ಟಿತು ಎಂಬುದರಲ್ಲಿ ನಮ್ಮ ಓಣಿಯಲ್ಲಿ ಎರಡು ಅಭಿಪ್ರಾಯವಿಲ್ಲ. ಈ ವಿಷಯದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಬಹಳ ಸಲ ಚರ್ಚೆ ನಡೆದಿದೆ. ಬಿಹಾರಿಗಳು ಹಾಸಿದ ಟೈಲ್ಸಿನ ಮೇಲೆ ಕುಳಿತು, ಬಿಹಾರಿಗಳು ಮಾಡಿದ ಕಮಲದ ಹೂವಿನ ಪಿಓಪಿಯನ್ನು ಆಗಾಗ ಕತ್ತೆತ್ತಿ ನೋಡುತ್ತ, ನೇಪಾಳಿಯ ಗಾಡಿಯಿಂದ ತರಿಸಿದ ಗೋಬಿ ಮಂಚೂರಿಯನ್ನು ಕಡ್ಡಿಯಿಂದ ಚುಚ್ಚುತ್ತ, "ಹೊರಗಿನ ಮಂದಿ ಭಾಳ ಆತ್ರಿ" ಎಂದು ನಾವು ಮನಸಾರೆ ಮರುಗಿದ್ದೇವೆ. ಆ ಮರುಗುವಿಕೆಯಲ್ಲಿ ನನ್ನ ಧ್ವನಿ ಎಲ್ಲರಿಗಿಂತ ಎತ್ತರದಲ್ಲಿರುತ್ತಿತ್ತು, ಯಾಕೆಂದರೆ ಮನೆ ನನ್ನದು.

ನಾನು ಊರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹೆಡ್‌ಮಾಸ್ತರರು ಬಂದು ಹೋಗುತ್ತಾರೆ, ಹಾಜರಿ ಪುಸ್ತಕ ನನ್ನ ಕಪಾಟಿನಲ್ಲಿರುತ್ತದೆ. ಎರಡು ವರ್ಷದ ಹಿಂದೆ ಮನೆಗೆ ಮೇಲಂತಸ್ತು ಕಟ್ಟಿಸಿದಾಗ ಟೈಲ್ಸ್ ಹಾಕಲು ಬಂದವನು ದರಭಂಗಾ ಕಡೆಯ ಸಂತೋಷ. ಕೆಲಸ ಮುಗಿದರೂ ಅವನು ಹೋಗಲಿಲ್ಲ. ಹಿತ್ತಲಿನ ಎರಡು ಕೋಣೆ ಖಾಲಿ ಇದ್ದವು, ಬಾಡಿಗೆಗೆ ಕೇಳಿದ, ಕೊಟ್ಟೆ. ಆಮೇಲೆ ಹೆಂಡತಿಯೂ ಮಗಳೂ ಬಂದರು. ಹೊರಗಿನವರ ಮೇಲಿನ ನನ್ನ ಸಿಟ್ಟಿಗೂ ಬಾಡಿಗೆಗೂ ಸಂಬಂಧ ಕಲ್ಪಿಸಬಾರದು. ತತ್ವ ಬೇರೆ, ಹಿತ್ತಲು ಬೇರೆ. ಸಂತೋಷ ಕಟ್ಟಡ ಕೆಲಸದಲ್ಲೇ ನಮ್ಮ ಭಾಷೆ ಕಲಿತವನು. ಇಲ್ಲಿ ಮರ್ಯಾದೆಗೆ ಕೊನೆಯಲ್ಲಿ ಒಂದು 'ರಿ' ಹಚ್ಚಬೇಕು ಎಂದು ಯಾರೋ ಹೇಳಿಕೊಟ್ಟಿದ್ದರಿಂದ ಯಾರಿಗೂ ಬೇಸರವಾಗದಿರಲಿ ಎಂದು ಎಲ್ಲದಕ್ಕೂ ಹಚ್ಚುತ್ತಿದ್ದ. "ಸಿಮೆಂಟ್ ಬಂದಾರ್ರಿ, ಉಸುಕು ಇನ್ನಾ ಬಂದಿಲ್ರಿ" ಎಂದು ಅವನು ಹೇಳಿದಾಗ ಸಿಮೆಂಟಿಗೆ ಕುರ್ಚಿ ಹಾಕಬೇಕೇನೋ ಎನ್ನಿಸುತ್ತಿತ್ತು.

ಕಳೆದ ಜೂನ್‌ನಲ್ಲಿ ಅವನು ಮಗಳನ್ನು ಕರೆದುಕೊಂಡು ನನ್ನ ಟೇಬಲಿನ ಮುಂದೆ ಬಂದು ನಿಂತ. ಹುಡುಗಿಗೆ ಎಂಟನೆಯ ತರಗತಿಗೆ ಪ್ರವೇಶ ಬೇಕಾಗಿತ್ತು. ಒಂದು ವರ್ಷ ಊರಲ್ಲಿ ಅಜ್ಜಿಯ ಹತ್ತಿರ ಸುಮ್ಮನೆ ಕೂತಿದ್ದಳಂತೆ, ಇನ್ನೊಂದು ವರ್ಷ ಕೂತರೆ ಸಾಲಿ ಎನ್ನುವುದು ಅವಳ ಪಾಲಿಗೆ ಮುಗಿದ ಹಾಗೆ ಎಂದು ಅವಳ ತಾಯಿ ನಮ್ಮ ಮನೆಯಾಕೆಯ ಹತ್ತಿರ ಕಣ್ಣೀರು ಹಾಕಿದ್ದಳು. ಕಾಗದಗಳನ್ನು ನೋಡಿದೆ. ಹುಡುಗಿ ಚಾಂದನಿ ಕುಮಾರಿ, ತಂದೆ ಸಂತೋಷ ಕುಮಾರ, ತಾಯಿ ರೀಟಾ ದೇವಿ. ಒಂದೇ ಮನೆ, ಮೂರು ಮಂದಿ, ಮೂರು ನಮೂನೆ. ನಾನು ಪೆನ್ನು ಕೆಳಗಿಟ್ಟೆ.

ಪೆನ್ನು ಯಾಕೆ ಕೆಳಗಿಟ್ಟೆ ಎಂಬುದು ತಿಳಿಯಬೇಕಾದರೆ ನಮ್ಮ ಹಾಜರಿ ಪುಸ್ತಕ ನೋಡಬೇಕು. ನಮ್ಮ ಕಡೆ ಮೊದಲು ಅಡ್ಡಹೆಸರು, ಅಂದರೆ ಮನೆತನದ ಹೆಸರು, ಆಮೇಲೆ ಮನುಷ್ಯ. ಅಡ್ಡಹೆಸರಿಲ್ಲದವನನ್ನು ಎಲ್ಲಿ ಇಡಬೇಕು ಎಂದು ನಮಗೆ ತಿಳಿಯುವುದೇ ಇಲ್ಲ. ಎಂಟನೆಯ ಅ ವಿಭಾಗದ ಹಾಜರಿ ಕೂಗಿದರೆ ಉಳ್ಳಾಗಡ್ಡಿ, ಉಪ್ಪಿನ, ಬೆಲ್ಲದ, ಮೆಣಸಿನಕಾಯಿ, ಸಕ್ಕರಿ ಎಂದು ಕಿರಾಣಿ ಚೀಟಿ ಓದಿದ ಹಾಗೆ ಕೇಳುತ್ತದೆ. ಬ ವಿಭಾಗದ್ದು ಕೂಗಿದರೆ ಕಿತ್ತೂರ, ಚಚಡಿ, ಸವದತ್ತಿ, ರಾಮದುರ್ಗ. ಹೊಸದಾಗಿ ಬಂದ ಒಬ್ಬ ಮಾಸ್ತರರು ಬಸ್ಸಿನ ಕಂಡಕ್ಟರನಂತೆ ಕೂಗಿ ಕೂಗಿ ಕೊನೆಗೆ "ರೈಟ್" ಎಂದುಬಿಟ್ಟರಂತೆ. ಹೀಗೆ ಊರಿನ ಹೆಸರೋ ಕಾಯಿಪಲ್ಲೆಯ ಹೆಸರೋ ಏನಾದರೊಂದು ಬೆನ್ನಿಗಿರಬೇಕು. ಕುಮಾರ ಎಂದರೆ ಏನು? ಮಗ. ಒಬ್ಬರ ಮಗನಲ್ಲದವನು ಯಾರಿದ್ದಾನೆ ಹೇಳಿ?

"ಅಡ್ಡಹೆಸರ ಏನೋ?" ಎಂದು ಕೇಳಿದೆ.

ಸಂತೋಷ ಯೋಚಿಸಿದ. ಟೈಲ್ಸಿನವನಿಗೆ ಅಡ್ಡ ಎಂದರೆ ಒಂದೇ ಅರ್ಥ. "ಸಾಹೇಬ್ರ, ಹೆಸರ ಅಡ್ಡ ಬರೀಬೇಕೇನ್ರಿ, ಉದ್ದ ಬರೀಬೇಕೇನ್ರಿ? ನೀವು ಹೆಂಗ ಹೇಳ್ತೀರಿ ಹಂಗ ಹಾಕೂಣ್ರಿ."

ಆಗ ನನ್ನ ಹಿಂದಿ ಎದ್ದು ನಿಂತಿತು. ಸುತ್ತ ನಾಲ್ಕು ಮಂದಿ ಪಾಲಕರು ಕುಳಿತಿದ್ದರು, ಅವರೂ ನೋಡಲಿ ಎಂಬ ಆಸೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಡ್ಡಹೆಸರು ಎಂದರೆ ಮನೆತನದ ಹೆಸರು, ಮನೆ ಎಂದರೆ ಘರ್, ಇಷ್ಟು ಲೆಕ್ಕ ಹಾಕಿ, "ಘರ್ ಕಾ ನಾಮ್ ಬೋಲೋ" ಎಂದೆ.

ತಂದೆ ಮಗಳು ಮುಖ ಮುಖ ನೋಡಿಕೊಂಡರು. ಹುಡುಗಿ ನಾಚಿ ತಲೆ ತಗ್ಗಿಸಿದಳು. ಸಂತೋಷ ಮೆಲ್ಲಗೆ, "ಪಿಂಕಿ" ಎಂದ.

"ಪಿಂಕಿ?" ಎಂದೆ ನಾನು. "ಅಂದ್ರ ನೀ ಸಂತೋಷ ಪಿಂಕಿ ಏನು?"

"ಇಲ್ರಿ ಸಾಹೇಬ್ರ. ನನಗ ಮನ್ಯಾಗ ಗುಡ್ಡು ಅಂತಾರ್ರಿ."

ಘರ್ ಕಾ ನಾಮ್ ಎಂದರೆ ಆ ಕಡೆ ಮನೆಯಲ್ಲಿ ಮುದ್ದಿನಿಂದ ಕರೆಯುವ ಹೆಸರು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಹಿಂದಿ ಮಾಸ್ತರರು ಇದನ್ನು ಹೇಳಿರಲಿಲ್ಲ. ಆ ಹೊತ್ತಿಗೆ ನನಗೆ ಕಂಡದ್ದು ಒಂದೇ: ಈ ಮನುಷ್ಯನಿಗೆ ಅವನ ಭಾಷೆಯೇ ಸರಿಯಾಗಿ ಬರುವುದಿಲ್ಲ. ಪಾಲಕರಲ್ಲಿ ಒಬ್ಬರು ನಕ್ಕರು. ನಾನು ಟೇಬಲು ಕುಟ್ಟಿ ಧ್ವನಿ ಏರಿಸಿದೆ. "ಆದ್ಮಿ ಕಾ ನಾಮ್ ನಹೀ! ಮಕಾನ್! ಮಕಾನ್ ಕಾ ನಾಮ್!"

ಸಂತೋಷನ ಮುಖ ಬೆಳಗಿತು. "ಮಕಾನ್ ಕಾ? ಅದು ಗೊತ್ತೈತ್ರಿ ಸಾಹೇಬ್ರ, ಪಕ್ಕಾ ಗೊತ್ತೈತಿ" ಎಂದು ಮಗಳ ಕಿವಿಯಲ್ಲಿ ಏನೋ ಹೇಳಿದ. ಹುಡುಗಿ ಬೆಂಚಿನ ಮೇಲೆ ಕುಳಿತು ಫಾರ್ಮು ತುಂಬಿ ಕೊಟ್ಟಳು. ಅಕ್ಷರಗಳು ದುಂಡಗೆ, ಸ್ವಚ್ಛವಾಗಿದ್ದವು. ನಾನು ಅದನ್ನು ನೋಡುತ್ತ ಕಂಪ್ಯೂಟರಿನಲ್ಲಿ ಏರಿಸತೊಡಗಿದೆ. ಅದೇ ಹೊತ್ತಿಗೆ ಮೇಲಿನ ಕಚೇರಿಯಿಂದ ಫೋನು ಬಂತು, ಫೋನು ಹೆಗಲಿಗೂ ಕಿವಿಗೂ ನಡುವೆ, ಬೆರಳುಗಳು ಕೀಲಿಗಳ ಮೇಲೆ. ಅಡ್ಡಹೆಸರಿನ ಜಾಗದಲ್ಲಿ ಆ ಹುಡುಗಿ ಬರೆದದ್ದನ್ನು ನನ್ನ ಬೆರಳುಗಳು ಒಂದು ಕ್ಷಣವೂ ತಡವರಿಸದೆ ಹೊಡೆದವು. ಹುಟ್ಟಿದಾಗಿನಿಂದ ಬರೆದು ಬರೆದು ರೂಢಿಯಾದ ಹೆಸರು ಅದು. ಬೆರಳಿಗೆ ಅನುಮಾನ ಯಾಕೆ ಬರಬೇಕು?

ಮೂರು ದಿನದ ಮೇಲೆ ಎಂಟನೆಯ ತರಗತಿಯ ಪಟ್ಟಿಯನ್ನು ಬೋರ್ಡಿಗೆ ಹಚ್ಚಿದೆವು. ಆ ಸಂಜೆ ಮನೆಗೆ ಹೋದಾಗ ನಮ್ಮ ಮನೆಯಾಕೆ ಚಹಾ ಕೊಡಲಿಲ್ಲ. ಓಣಿಯ ಹೆಂಗಸೊಬ್ಬಳ ಮಗನೂ ಎಂಟನೆಯ ತರಗತಿಗೆ ಸೇರಿದ್ದ, ಅವಳು ಪಟ್ಟಿಯನ್ನು ಪೂರಾ ಓದಿ ಬಂದು ನಮ್ಮಾಕೆಗೆ ಹೇಳಿದ್ದಳು.

"ನಮಗ ಇಬ್ಬರು ಗಂಡ್ಮಕ್ಕಳು" ಎಂದಳು ನಮ್ಮಾಕೆ, ಬಹಳ ಶಾಂತವಾಗಿ. ಅವಳು ಶಾಂತವಾಗಿ ಮಾತಾಡಿದರೆ ನನಗೆ ಭಯ. "ಈ ತೊರಗಲ್ ಚಾಂದನಿ ಅನ್ನೂ ಹುಡುಗಿ ಯಾವಾಗ ಹುಟ್ಟಿದಳ್ರಿ? ಎಂಟನೇತ್ತಾಕ ಬಂದಾಳಂದ್ರ ಸಣ್ಣಾಕಿ ಏನಲ್ಲ. ನನಗೊಂದು ಮಾತ ಹೇಳಬಾರದಿತ್ತೇನ್ರಿ?"

ಹಿತ್ತಲಿನ ಹುಡುಗಿಯ ಸಾಲಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ತೊರಗಲ್ ನಮ್ಮ ಅಡ್ಡಹೆಸರು. ಮನೆಯ ಮುಂದೆ ಕರಿ ಗ್ರಾನೈಟಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚಿನ್ನದ ಬಣ್ಣದಲ್ಲಿ ಕೊರೆಸಿದ್ದೇನೆ. ಆ ಕಲ್ಲನ್ನು ಗೋಡೆಗೆ ಕೂರಿಸಿದವನು ಸಂತೋಷ. ಮನೆಯ ಮಾಲೀಕನಾದ ನಾನೇ ಮಕಾನಿನ ಹೆಸರು ಕೇಳಿದೆ, ತಾನು ಇರುವ ಮಕಾನಿನ ಮೇಲೆ ತನ್ನ ಕೈಯಾರೆ ಕೂರಿಸಿದ ಹೆಸರನ್ನು ಅವನು ಬರೆಸಿದ. ಇದರಲ್ಲಿ ಅವನ ತಪ್ಪೇನು ಎಂದು ಈಗ ಕೇಳುತ್ತೇನೆ. ಆಗ ಕೇಳಲಿಲ್ಲ. ಆಗ ನನಗೆ ಬಂದದ್ದು ಸಿಟ್ಟು. ಮೇಲಂತಸ್ತಿನ ಟೈಲ್ಸ್ ಹಾಕಲು ಬಂದವನು ಮನೆಯಲ್ಲಿ ಉಳಿದ, ಉಳಿದವನು ಹೆಸರಿಗೂ ಕೈ ಹಾಕಿದ, ನಾಳೆ ದೇವರ ಮನೆಗೆ ಬರುತ್ತಾನೆ! ಈ ರೀತಿ ನಾನೇ ನನಗೆ ಭಾಷಣ ಮಾಡಿಕೊಳ್ಳುತ್ತ ಹಿತ್ತಲಿಗೆ ಹೋದೆ.

ಕಟ್ಟೆಯ ಮೇಲೆ ಚಾಂದನಿ ಹೊಸ ಸಮವಸ್ತ್ರ ಹಾಕಿಕೊಂಡೇ ಕುಳಿತಿದ್ದಳು. ಸಾಲಿ ಬಿಟ್ಟು ಎರಡು ತಾಸಾಗಿತ್ತು, ಬಿಚ್ಚುವ ಮನಸ್ಸಾಗಿರಲಿಲ್ಲ ಎಂದು ಕಾಣುತ್ತದೆ. ಪುಸ್ತಕಗಳಿಗೆ ರಟ್ಟು ಹಾಕಿ, ಒಂದೊಂದರ ಮೇಲೂ ಹೆಸರು ಬರೆಯುತ್ತಿದ್ದಳು. ತೊರಗಲ್ ಚಾಂದನಿ ಎಸ್., ಕನ್ನಡದಲ್ಲಿ. ನಮ್ಮ ಮನೆಯ ಕಲ್ಲನ್ನು ನೋಡಿ ಅಕ್ಷರ ಕಲಿತಿದ್ದಳು. ಕಲ್ಲು ಕೊರೆದವನು 'ಗ' ಅಕ್ಷರವನ್ನು ಸ್ವಲ್ಪ ಸೊಟ್ಟ ಕೊರೆದಿದ್ದ, ಅವಳೂ ಅಷ್ಟೇ ಸೊಟ್ಟ ಬರೆದಿದ್ದಳು.

ನಾನು ಸಂತೋಷನನ್ನು ಕರೆದು ಹೇಳಿದೆ. "ಅದು ನಮ್ಮ ಮನಿತನದ ಹೆಸರೋ. ತಿದ್ದಬೇಕಾಕ್ಕೈತಿ."

"ತಿದ್ದ್ರಿ ಸಾಹೇಬ್ರ" ಎಂದ ಅವನು ತಕ್ಷಣ. "ತಿದ್ದೂತನಾ ಸಾಲಿಗೆ ಬರಬೌದಲ್ರಿ?"

ಕಂಪ್ಯೂಟರಿನಲ್ಲಿ ಒಮ್ಮೆ ಕೂತ ಹೆಸರನ್ನು ತೆಗೆಯಬೇಕಾದರೆ ಕಾರಣ ತೋರಿಸಿ ಮೇಲಿನ ಕಚೇರಿಗೆ ಪತ್ರ ಹೋಗಬೇಕು. ಅದು ಇತ್ಯರ್ಥವಾಗುವ ತನಕ ಪ್ರವೇಶ ತಡೆಯಲ್ಲಿರುತ್ತದೆ. ಸರಿಯಾದ ಹೆಸರು ಯಾವುದು ಎಂಬುದಕ್ಕೆ ದರಭಂಗಾದಿಂದ ಕಾಗದ ಬರಬೇಕು, ಅವರು ಅಡ್ಡಹೆಸರೇ ಇಲ್ಲ ಎನ್ನುತ್ತಾರೆ, ಮತ್ತೆ ಇಲ್ಲಿಂದ ಪತ್ರ. ಈ ಕಾಗದಗಳು ಓಡಾಡಿ ಸುಸ್ತಾಗುವ ಹೊತ್ತಿಗೆ ಹುಡುಗಿಯ ವರ್ಷ ಮುಗಿದಿರುತ್ತದೆ. ಇದೆಲ್ಲ ನನಗೆ ಆ ಕಟ್ಟೆಯ ಹತ್ತಿರ ನಿಂತಾಗಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, "ನೋಡೂಣು, ಸ್ವಲ್ಪ ತಡಾ ಆಗಬೌದು" ಎಂದೆ. ಹುಡುಗಿಯ ಕೈ ನಿಂತಿತು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ 'ತಡಾ' ಅರ್ಥವಾಗಿತ್ತು.

ಸಂತೋಷ ಬೇರೆ ಮಾತು ತೆಗೆದ. "ಸಾಹೇಬ್ರ, ನಾ ನಿಮ್ಮ ಊರಾಗ ಇಪ್ಪತ್ತು ದಿನಾ ಇದ್ದೆರಿ."

"ಎರಡು ವರ್ಷಾತಲ್ಲೋ ಬಂದು."

"ಈ ಊರಲ್ರಿ. ನಿಮ್ಮ ಊರು, ತೊರಗಲ್. ಗುಡ್ಡದ ಮ್ಯಾಲ ದೊಡ್ಡ ಕೋಟಿ ಐತ್ರಿ. ಅಲ್ಲೇ ಒಂದು ಮನಿಗೆ ಟೈಲ್ಸ್ ಹಾಕಾಕ ಹೋಗಿದ್ದೆ. ಭಾಳ ಚಲೋ ಮಂದಿ. ನಮ್ಮ ಮಾಲಕರು ನಿಮ್ಮ ಊರವ್ರು ಅಂತ ಎಲ್ಲಾರಿಗೂ ಹೇಳಿದೆ. ಯಾವ ಮನಿಯವ್ರು ಅಂತ ಕೇಳಿದ್ರು. ನಾ ನಿಮ್ಮ ಹೆಸರ ಹೇಳಿದೆ." ಅವನು ಸಂಕೋಚದಿಂದ ನೆಲ ನೋಡಿದ. "ಯಾರಿಗೂ ಗುರ್ತ ಹತ್ತಲಿಲ್ರಿ. ತೊರಗಲ್ ಅನ್ನೂ ಮನಿ ಅಲ್ಲೆ ಒಂದೂ ಇಲ್ಲಂತ."

"ನಾವು ಅಲ್ಲಿಯವ್ರಲ್ಲೋ. ನಾವು ಬೈಲಹೊಂಗಲದವ್ರು. ತಲಿತಲಾಂತರದಿಂದ" ಎಂದೆ. ರಾಮದುರ್ಗಕ್ಕೆ ಎಷ್ಟೋ ಮದುವೆಗಳಿಗೆ ಹೋಗಿ ಬಂದಿದ್ದೇನೆ. ಅಲ್ಲಿಂದ ತೊರಗಲ್ ಹತ್ತಿರವೇ. ಒಮ್ಮೆಯೂ ಹೋಗಿಲ್ಲ, ಹೋಗಬೇಕು ಎಂದು ಅನ್ನಿಸಿಯೂ ಇಲ್ಲ. ಆ ಹೆಸರು ಒಂದು ಊರು ಎಂಬುದೇ ನನಗೆ ಮರೆತಂತಾಗಿತ್ತು. ಮೂಗಿನ ಹಾಗೆ ಅದು ಹುಟ್ಟುವಾಗಲೇ ಇತ್ತು ಎಂದುಕೊಂಡಿದ್ದೆ.

ಮರುದಿನ ಕಚೇರಿಗೆ ಹೋದವನು ತಿದ್ದುಪಡಿ ಪತ್ರ ಬರೆಯಲು ಕುಳಿತೆ. ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿಲ್ಲ. ಇದು ನಾನು ಹಬ್ಬಿಸಿದ ಸುದ್ದಿಯಲ್ಲ, ಸತ್ಯ. ಕಾರಣ ಎಂಬ ಜಾಗದಲ್ಲಿ ದುಂಡು ಅಕ್ಷರದಲ್ಲಿ ಬರೆದೆ: 'ಸದರಿ ವಿದ್ಯಾರ್ಥಿನಿಯ ಕುಟುಂಬವು ಮೂಲತಃ ಈ ಊರಿನದಾಗಿರದೆ, ಉದ್ಯೋಗ ನಿಮಿತ್ತ ಪರಸ್ಥಳದಿಂದ ಬಂದು ಇಲ್ಲಿ ನೆಲೆಸಿರುವುದರಿಂದ, ತೊರಗಲ್ ಎಂಬ ಅಡ್ಡಹೆಸರು ಇವರಿಗೆ ಸಲ್ಲತಕ್ಕದ್ದಲ್ಲ.' ಓದಿ ನೋಡಿದೆ, ಅಲ್ಪವಿರಾಮಗಳೂ ಸರಿಯಾದ ಜಾಗದಲ್ಲಿದ್ದವು. ಕೆಳಗೆ ಸಹಿ ಹಾಕಿ ಹೆಡ್‌ಮಾಸ್ತರರ ಮುಂದೆ ಇಟ್ಟೆ.

ನಮ್ಮ ಹೆಡ್‌ಮಾಸ್ತರರು ನಿಧಾನದ ಮನುಷ್ಯ. ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದರು, ಮತ್ತೊಮ್ಮೆ ಓದಿದರು.

"ತೊರಗಲ್ ಅವರ, ಒಂದು ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ತೊರಗಲ್ಲಿನಾಗ ಇರೋ ಮಂದಿಗೆ ತೊರಗಲ್ ಅಂತ ಅಡ್ಡಹೆಸರ ಇರತೈತೇನ್ರಿ?"

"ಅಲ್ಲೆ ಇದ್ದವ್ರಿಗೆ ಯಾಕ ಇರತೈತ್ರಿ" ಎಂದೆ. "ಅಲ್ಲೆ ಎಲ್ಲಾರೂ ತೊರಗಲ್ಲಿನವ್ರ."

"ಮತ್ತ ಯಾರಿಗೆ ಬೀಳತೈತಿ?"

"ಆ ಊರು ಬಿಟ್ಟು ಬ್ಯಾರೆ ಕಡೆ ಹೋದವ್ರಿಗೆ. ಹೋದ ಊರಾಗಿನ ಮಂದಿ, ತೊರಗಲ್ಲಿನವ್ರು ಬಂದಾರ, ತೊರಗಲ್ಲಿನವ್ರು ಬಂದಾರ ಅಂತ..."

ಹೆಡ್‌ಮಾಸ್ತರರು ಪತ್ರವನ್ನು ನನ್ನ ಕಡೆಗೆ ಸರಿಸಿದರು. ಅವರ ಮುಖದಲ್ಲಿ ನಗು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಉದ್ಯೋಗ ನಿಮಿತ್ತ ಪರಸ್ಥಳದಿಂದ ಬಂದು ನೆಲೆಸಿರುವುದರಿಂದ, ಅಂತ ಬರದೀರಿ. ಅದ ಕಾರಣಕ್ಕ ನಿಮ್ಮ ಮನಿತನಕ್ಕ ಈ ಹೆಸರ ಬಿತ್ತು. ಅದ ಕಾರಣಕ್ಕ ಆಕೀದು ತಗೀರಿ ಅಂತೀರಿ. ಮ್ಯಾಲಿನವ್ರು ಓದಿದ್ರಂದ್ರ ಯಾರ ಹೆಸರ ತಗೀಬೇಕು ಅಂತ ಕೇಳ್ತಾರ. ಕೆಳಗ ಸಹಿನೂ ತೊರಗಲ್ ಅಂತನ ಐತಿ."

ಪತ್ರವನ್ನು ತೆಗೆದುಕೊಂಡು ಬಂದು ನನ್ನ ಕುರ್ಚಿಯಲ್ಲಿ ಕುಳಿತೆ. ನನ್ನ ಮುತ್ತಜ್ಜನೋ ಅವನ ಅಪ್ಪನೋ ಒಂದು ಗಂಟು ಹೊತ್ತು ಈ ಊರಿಗೆ ಬಂದಿರಬೇಕು. ಏನು ಕೆಲಸಕ್ಕೆ ಬಂದ, ಯಾರ ಹಿತ್ತಲಿನಲ್ಲಿ ಇದ್ದ, ಅವನ ಮಾತು ಕೇಳಿ ಈ ಊರ ಮಂದಿ ಎಷ್ಟು ನಕ್ಕರು, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಬಂದದ್ದರಿಂದ ಊರು ಕೆಟ್ಟಿತು ಎಂದು ಯಾವುದಾದರೂ ಪಡಸಾಲೆಯಲ್ಲಿ ಚರ್ಚೆ ನಡೆದಿತ್ತೋ ಏನೋ. ನಾನು ಹೆಮ್ಮೆಯಿಂದ ಗ್ರಾನೈಟಿನಲ್ಲಿ ಕೊರೆಸಿ, ಚಿನ್ನದ ಬಣ್ಣ ತುಂಬಿಸಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಹಚ್ಚಿದ್ದು ಏನೆಂದರೆ, ಇವರು ಹೊರಗಿನವರು ಎಂಬ ಬೋರ್ಡು. ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ಕಟ್ಟೆಯ ಮೇಲೆ ಪೆನ್ನು ಹಿಡಿದು ನಿಂತ ಆ ಹುಡುಗಿಯ ಕೈ ನೆನಪಾಗಿ ನಾಚಿಕೆಯಾಯಿತು. ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ. ಅಲ್ಪವಿರಾಮಗಳ ಬಗ್ಗೆ ಮಾತ್ರ ಸ್ವಲ್ಪ ಕೆಟ್ಟದೆನಿಸಿತು.

ಮನೆಗೆ ಹೋಗಿ ಸಂತೋಷನನ್ನು ಕರೆದು, ದೊಡ್ಡ ದಾನ ಮಾಡುವವನ ಗತ್ತಿನಲ್ಲಿ, "ಹೆಸರ ಇರಲಿ ಬಿಡೋ. ಸಾಲಿಗೆ ಕಳಸು" ಎಂದೆ. ಅವನು ಕೈ ಮುಗಿದ. ಅವನ ಹೆಂಡತಿ ಬಾಗಿಲ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಂದನಿ ಒಳಗೆ ಓಡಿ ಉಳಿದ ಪುಸ್ತಕಗಳಿಗೆ ರಟ್ಟು ಹಾಕಲು ಕುಳಿತಳು. ನಮ್ಮ ಮನೆಯಾಕೆ ಎರಡು ದಿನದ ಮೇಲೆ ಚಹಾ ಕೊಟ್ಟಳು, ಆದರೆ ಈಗಲೂ ಓಣಿಯಲ್ಲಿ ಯಾರಾದರೂ ಕೇಳಿದರೆ "ನಮ್ಮ ಮನಿಯವ್ರ ಹಿಂದಿ ಹುಟ್ಟಿಸಿದ ಹುಡುಗಿರಿ" ಎಂದು ಹೇಳುತ್ತಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು. ಕಳೆದ ಭಾನುವಾರ ಮುಂಜಾನೆ ಸಂತೋಷ ಮೋಟಾರ್‌ಸೈಕಲ್ಲಿಗೆ ಟೈಲ್ಸ್ ಕತ್ತರಿಸುವ ಮಶೀನು ಕಟ್ಟುತ್ತಿದ್ದ. ಎಲ್ಲಿಗೆ ಎಂದು ಕೇಳಿದೆ.

"ತೊರಗಲ್ಲಿಗೆ ಸಾಹೇಬ್ರ. ಮೊದಲ ಕೆಲಸಾ ಮಾಡಿದ ಮನಿ ಬಾಜೂದವ್ರು ಅಳತಿ ನೋಡಿ ಮಶೀನ ಇಟ್ಟು ಹೋಗು ಅಂದಾರ. ಸಂಜೀಕ ವಾಪಸ್ ಬರತೇನಿ." ಹಗ್ಗ ಬಿಗಿದು ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದ: "ನೀವೂ ಬರ್ರಿ ಸಾಹೇಬ್ರ. ಅಲ್ಲೆ ನನಗ ಎಲ್ಲಾರೂ ಗೊತ್ತದಾರ್ರಿ. ನಿಮ್ಮ ಗುರ್ತ ಮಾಡಿಸಿ ಕೊಡತೇನಿ."

ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದೆ. ಮಶೀನಿಗೂ ಅವನ ಬೆನ್ನಿಗೂ ನಡುವೆ ಉಳಿದ ಜಾಗದಲ್ಲಿ ಹೇಗೋ ಹುದುಗಿ ಕುಳಿತೆ. ಗಾಡಿ ಓಣಿ ದಾಟುವಾಗ ಅವನ ಕಿವಿಯ ಹತ್ತಿರ ಬಗ್ಗಿ, ಹಿಂದಿಯ ಗೊಡವೆಗೆ ಹೋಗದೆ ಕನ್ನಡದಲ್ಲೇ ಹೇಳಿದೆ: "ಸಂತೋಷ, ಅಲ್ಲೆ ಹೋದ ಮ್ಯಾಲ ಹೊರಗಿನವ್ರು ಬಂದಾರ ಅಂತ ಮಾತ್ರ ಹೇಳಬ್ಯಾಡಪಾ."